ಎಡಗಡೆಯ ಮೊಳೆ – ಕಂತು ಒಂಬತ್ತು: ಮೂರನೆಯ ಸದ್ದು

ಟಪ್.

ಅವಳು ಕಣ್ಣು ತೆರೆದಳು. ದೊಡ್ಡ ಸದ್ದೇನಲ್ಲ. ಮುಚ್ಚಿದ ಬಾಗಿಲಿನಾಚೆ ಯಾರೋ ಮರದ ಮೇಲೆ ಏನನ್ನೋ ಮೆತ್ತಗೆ ಒತ್ತಿದ ಹಾಗೆ. ಹಗಲಾಗಿದ್ದರೆ ಕಿವಿಗೇ ಬೀಳುತ್ತಿರಲಿಲ್ಲ.

ನಲ್ಲಿ ತೊಟ್ಟಿಕ್ಕುತ್ತಿದೆಯೇನೋ ಅಂದುಕೊಂಡಳು. ಆದರೆ ನೀರಿನ ಸದ್ದಿಗೆ ಒಂದು ಬಾಲ ಇರುತ್ತದೆ, ಇದಕ್ಕೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಭಾವನ ಗೊರಕೆ ಗೂಡ್ಸ್ ರೈಲಿನ ಹಾಗೆ ದಿಬ್ಬ ಹತ್ತುತ್ತ ಇಳಿಯುತ್ತ ಸಾಗಿತ್ತು.

ಟಪ್.

ಗೊರಕೆ ನಿಲ್ಲಲಿಲ್ಲ. ಅಡುಗೆಮನೆಯ ಕಡೆ ಅಕ್ಕನ ಹೆಜ್ಜೆ ಕೇಳಿಸಿತು. ನೀರು ಕುಡಿಯಲು ಎದ್ದಿರಬೇಕು.

ಬೇರೆ ದಿನವಾಗಿದ್ದರೆ ಅವಳು ಎದ್ದು ಹೋಗಿ ನೋಡಿ, ಹಾಗೇ ಮುಂಬಾಗಿಲ ಚಿಲಕವನ್ನೂ ಇನ್ನೊಂದು ಸಲ ಮುಟ್ಟಿ ಬರುತ್ತಿದ್ದಳು. ಚಿಲಕವನ್ನು ಮೂರು ಸಲ ಮುಟ್ಟದೆ ನಿದ್ದೆ ಹತ್ತದ ಹೆಂಗಸು ಅವಳು. ಇವತ್ತು ಮಾತ್ರ ಏಳಲು ಮನಸ್ಸಾಗಲಿಲ್ಲ. ನಾಳೆ ನಾಲ್ಕು ಗಂಟೆಗೆ ತನಿಖಾಧಿಕಾರಿ ಬರುತ್ತಾರೆ. ಮುದ್ರೆ ಬೀಳದ ಪುಟವನ್ನು ಅಚ್ಚು ಮಾಡಿದ್ದಕ್ಕೆ ಪತ್ರಿಕೆಗೆ ಬೀಗ ಬೀಳುತ್ತದೆ. ಬೀಗ ಬೀಳುವ ಕಟ್ಟಡದ ಚಿಂತೆಯಲ್ಲಿ ಸ್ವಂತ ಮನೆಯ ಚಿಲಕ ಯಾರಿಗೆ ಬೇಕು.

ಮಂಪರು ಕವಿಯಿತು. ಎಷ್ಟು ಹೊತ್ತಾಗಿತ್ತೋ, ಮತ್ತೊಂದು ಸಲ ಕೇಳಿಸಿತು.

ಟಪ್.

ಆಗ ಮನೆ ಪೂರ್ತಿ ನಿಶ್ಶಬ್ದವಾಗಿತ್ತು.

*

ಮರುದಿನ, ಬುಧವಾರ, ನಾಲ್ಕು ಗಂಟೆಗೆ ಎರಡು ನಿಮಿಷ ಇರುವಾಗಲೇ ತನಿಖಾಧಿಕಾರಿ ಸಂಪಾದಕರ ಕೋಣೆಯಲ್ಲಿ ಕೂತಿದ್ದರು. ತೆಳ್ಳಗಿನ ಮನುಷ್ಯ, ಇನ್ನೂ ತೆಳ್ಳಗಿನ ದನಿ. ಚಹಾ ಬೇಡ ಅಂದರು. ಫ್ಯಾನಿನ ಗಾಳಿಗೆ ಕಾಗದ ಹಾರುತ್ತದೆಂದು ಫ್ಯಾನೂ ಬೇಡ ಅಂದರು.

"ಕಳೆದ ಭಾನುವಾರದ ಸಂಚಿಕೆ. ಮೂರನೇ ಪುಟ. ಮುದ್ರೆ ಬಿದ್ದ ಪ್ರತಿ ತೋರಿಸಿ."

ತೋರಿಸಲು ಏನೂ ಇರಲಿಲ್ಲ. ಅದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಾಲ್ಕು ವಾರದಿಂದ ಊರಿನ ನೀರು, ಆಸ್ಪತ್ರೆ, ಕಾಯಿಲೆಯ ಬಗ್ಗೆ ಏನೇ ಬರೆದರೂ ಪುಟದ ಕರಡನ್ನು ಮೊದಲು ಪರಿಶೀಲನಾ ಕಚೇರಿಗೆ ಒಯ್ದು ನೇರಳೆ ಮಸಿಯ ದುಂಡು ಮುದ್ರೆ ಹಾಕಿಸಿಕೊಂಡು ಬರಬೇಕೆಂಬ ತಾತ್ಕಾಲಿಕ ಆದೇಶವಿತ್ತು. ಸಹಿ ಬೇಡ, ಮುದ್ರೆ ಸಾಕು. ಇಂಥ ಕಾಗದದ ಮೇಲೆ ಹೆಸರು ಬೀಳಲಿ ಎಂದು ಯಾವ ಅಧಿಕಾರಿಯೂ ಬಯಸುವುದಿಲ್ಲ.

ಅಂದಿನಿಂದ ಅಚ್ಚಿನ ಮನೆಯಲ್ಲಿ ಹೊಸ ಪದ್ಧತಿ ಬಂದಿತ್ತು. ಯಂತ್ರದ ಪಕ್ಕದ ಗೋಡೆಗೆ ಎರಡು ಮೊಳೆ. ಮುದ್ರೆ ಬಿದ್ದ ಪುಟ ಬಲಗಡೆ ಮೊಳೆಗೆ, ಬೀಳದ್ದು ಎಡಗಡೆ ಮೊಳೆಗೆ. ಶನಿವಾರ ರಾತ್ರಿ ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಬಂದ ಫೋರ್‌ಮನ್ ತಾತ, ನಲವತ್ತು ವರ್ಷ ಒಂದು ಅಕ್ಷರ ಹೆಚ್ಚುಕಮ್ಮಿ ಮಾಡದ ಮನುಷ್ಯ, ಯಂತ್ರದ ಹಿಂದಿನಿಂದ ಸುತ್ತಿ ಬಂದು ಗೋಡೆಗೆ ಬೆನ್ನು ಹಾಕಿ ನಿಂತು ಕೈ ಚಾಚಿದ. ಹಾಗೆ ನಿಂತವನಿಗೆ ಬಲಗೈಗೆ ಸಿಗುವುದು ಎಡಗಡೆ ಮೊಳೆ.

ಬೆಳಗಾಗುವಾಗ ಊರಿನ ಕೈಯಲ್ಲಿ ಸುದ್ದಿ ಇತ್ತು: ಒಡೆದ ಚರಂಡಿಯ ಕೊಳವೆ ಕುಡಿಯುವ ನೀರಿನ ಕೊಳವೆಯೊಳಗೆ ಹರಿಯುತ್ತಿದೆ, ಪ್ರಯೋಗಾಲಯದ ವರದಿ ಇದು, ನೀರು ಕುದಿಸಿ ಕುಡಿಯಿರಿ.

"ಪ್ರತಿ..." ಸಂಪಾದಕರು ಎದ್ದರು. ಅವರ ಅಂಗಿಯ ಜೇಬಿನಲ್ಲಿ ತಪ್ಪೊಪ್ಪಿಗೆಯ ಪತ್ರವಿತ್ತು. ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಓದಿ ಹೇಳಿದ್ದರು. ತಪ್ಪು ನನ್ನದು, ಸಿಬ್ಬಂದಿಯದಲ್ಲ ಎಂದು ಎರಡೇ ಸಾಲು. ಅದರಲ್ಲಿ ಅವಳು ಒಂದು ಅಲ್ಪವಿರಾಮ ತಿದ್ದಿಕೊಟ್ಟಿದ್ದಳು.

"ಫೈಲ್ ಕೊಡಿ, ನಾನೇ ನೋಡ್ತೀನಿ."

ಫೋರ್‌ಮನ್ ತಾತ ಬೀರುವಿನಿಂದ ಫೈಲ್ ತಂದಿಟ್ಟ. ತನಿಖಾಧಿಕಾರಿ ಒಂದೊಂದೇ ಹಾಳೆ ಮಗುಚಿದರು. ಮೂರನೆಯದರಲ್ಲಿ ನಿಂತರು.

"ಇದೆಯಲ್ಲ."

ಜೇಬಿಗೆ ಹೋಗುತ್ತಿದ್ದ ಸಂಪಾದಕರ ಕೈ ದಾರಿಯಲ್ಲೇ ನಿಂತಿತು. ಫೋರ್‌ಮನ್ ತಾತ ಕೆಮ್ಮಿದ. ಬಾಗಿಲ ಬಳಿ ನಿಂತಿದ್ದ ಅವಳು ಕನ್ನಡಕ ಸರಿಮಾಡಿಕೊಂಡು ಹಾಳೆಯ ಕಡೆ ನೋಡಿದಳು.

ನೀರಿನ ಸುದ್ದಿಯ ಪುಟ. ಬಲಗಡೆ ಕೆಳಗಿನ ಮೂಲೆಯಲ್ಲಿ ನೇರಳೆ ಮುದ್ರೆ. ತಾರೀಖು ಶನಿವಾರದ್ದು.

"ಈ ಅಂಚಿನಲ್ಲಿರೋ ಕೈಬರಹ ಯಾರದು?"

"ನನ್ನದು," ಅವಳು ಮುಂದೆ ಬಂದಳು.

"ನೀವು?"

"ಕರಡು ತಿದ್ದುವವಳು."

"ಓ. ಇಲ್ಲಿ ನಿಮ್ಮನ್ನ ಭೂತಕನ್ನಡಿ ಅಂತಾರಂತೆ."

"ಹಿಂದಿನಿಂದ ಅಂತಾರೆ. ಎದುರಿಗೆ ಅಂದಿದ್ದು ನೀವೇ ಮೊದಲು."

ತನಿಖಾಧಿಕಾರಿ ನಗಲಿಲ್ಲ, ಆದರೆ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಹದಿನೇಳು ತಪ್ಪು ಹಿಡಿದಿದ್ದೀರಿ."

"ಹದಿನೆಂಟು. ಕೊನೆಯದು ಪೆನ್ಸಿಲ್‌ನಲ್ಲಿದೆ."

"ತಿದ್ದಿ ಗೀಚಿದ ಕರಡಿಗೆ ಮುದ್ರೆ ಹಾಕಿಸ್ತೀರಾ? ಉಳಿದ ಪುಟಗಳೆಲ್ಲ ಶುಚಿ ಪ್ರತಿ. ಇದೊಂದೇ ಹೀಗೆ."

ಅವಳು ಮಾತನ್ನು ಬಾಯಲ್ಲೇ ಒಂದು ಸಲ ತಿದ್ದಿಕೊಂಡಳು. ಸುಳ್ಳು ಹೇಳುವುದಕ್ಕೆ ಅವಳಿಗೆ ಬರುತ್ತಿರಲಿಲ್ಲ, ಬರುವುದೂ ಬೇಡವಾಗಿತ್ತು. "ಹಾಕಿಸಬಾರದು ಅಂತ ಆದೇಶದಲ್ಲಿ ಎಲ್ಲೂ ಇಲ್ಲ ಸರ್. ಆದೇಶ ಬಂದಾಗ ಅದನ್ನೂ ನಾನು ಓದಿದ್ದೆ. ಅದರಲ್ಲಿ ಆರು ತಪ್ಪಿದ್ದವು."

"ನನಗೂ ಆರೇ ಸಿಕ್ಕಿದ್ದು," ಅಂದರು ಅವರು. ಹಾಳೆಯನ್ನು ಬೆಳಕಿಗೆ ಹಿಡಿದರು. "ಇಲ್ಲೊಂದು ದುಂಡಗಿನ ಗುರುತಿದೆ. ಮುದ್ರೆಯಲ್ಲ, ದೊಡ್ಡದು. ಏನಿದು?"

"ಡಬ್ಬಿ ಇಟ್ಟ ಗುರುತು."

ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಆ ಡಬ್ಬಿ ಅವಳಿಗೆ ಗೊತ್ತು. ತಳದಲ್ಲಿ ಒಂದು ಕಡೆ ತಗ್ಗು ಬಿದ್ದು ದುಂಡು ಪೂರ್ತಿಯಾಗದ ಸಕ್ಕರೆ ಡಬ್ಬಿ. ಇಲ್ಲೂ ಆ ದುಂಡು ಒಂದು ಕಡೆ ತಗ್ಗಿತ್ತು.

ಕಣ್ಣು ಅಲ್ಲಿಂದ ಮುದ್ರೆಗೆ ಹೋಯಿತು. ಪರಿಶೀಲನಾ ಕಚೇರಿಯಲ್ಲಿ ದಪ್ಪ ಗಾಜಿನ ಮೇಲೆ ಹಾಳೆ ಇಟ್ಟು ಮುದ್ರೆ ಒತ್ತುತ್ತಾರೆ. ಅಂಚಿನವರೆಗೂ ಮಸಿ ತುಂಬಿ ಕೂರುತ್ತದೆ. ಈ ಮುದ್ರೆಯ ನಡುವೆ ಮೇಲಿನಿಂದ ಕೆಳಗೆ ಕೂದಲೆಳೆಯಷ್ಟು ಬಿಳಿ ಗೆರೆಯಿತ್ತು. ಹಾಳೆಯ ಕೆಳಗೆ ಅಲ್ಲೇನೋ ಸಂದಿ ಇದ್ದ ಹಾಗೆ. ಎರಡು ಹಲಗೆ ಕೂಡುವ ಕಡೆಯ ಸಂದಿ.

"ಪತ್ರಿಕೆ ಕಚೇರಿಯಲ್ಲಿ ಕಾಗದದ ಮೇಲೆ ಡಬ್ಬಿ ಇಡ್ತಾರಾ?"

"ನಾನು ಕೆಲಸ ಮಾಡೋ ಕಡೆ ಕಾಗದದ ಮೇಲೆ ಏನೇನೋ ಇಡ್ತಾರೆ ಸರ್. ಹೋದ ವಾರ ಯಾರೋ ಬ್ಯಾಟರಿ ಇಟ್ಟಿದ್ರು."

"ಅಚ್ಚಿಗೆ ಹೋಗೋ ಮುಂಚೆ ಈ ಪುಟವನ್ನ ಮುದ್ರೆಯ ಸಮೇತ ನೋಡಿದ್ರಾ ನೀವು?"

ಇದೇ ಪ್ರಶ್ನೆ ಬರಬಾರದಿತ್ತು. ಸಂಪಾದಕರು ಕಿಟಕಿಯ ಕಡೆ ನೋಡುತ್ತಿದ್ದರು.

"ತಿದ್ದಿ ಕೊಟ್ಟ ಮೇಲೆ ಪುಟ ಎಲ್ಲಿಗೆ ಹೋಗುತ್ತೆ ಅಂತ ನಾನು ಹಿಂದೆ ಹೋಗಲ್ಲ. ನನ್ನ ಕೆಲಸ ಅಕ್ಷರದ ತನಕ."

"ಚೆನ್ನಾಗಿ ಮಾತಾಡ್ತೀರಿ."

"ಮಾತು ಕಮ್ಮಿ ಸರ್. ಅದಕ್ಕೆ ಜೋಪಾನ ಮಾಡ್ತೀನಿ."

"ಮುದ್ರೆ ಗುಮಾಸ್ತ ನಿಮ್ಮ ಭಾವ. ಒಂದೇ ಮನೆ."

"ಹೌದು. ಆದೇಶ ಬಂದ ದಿನದಿಂದ ಮನೇಲಿ ನಾವು ಹವಾಮಾನ ಬಿಟ್ಟು ಬೇರೇನೂ ಮಾತಾಡಿಲ್ಲ."

"ಮುಂದೆ ಹವಾಮಾನಕ್ಕೂ ಮುದ್ರೆ ಬೇಕಾಗಬಹುದು," ಅಂದರು ತನಿಖಾಧಿಕಾರಿ. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಆಮೇಲೆ ದನಿ ತಗ್ಗಿಸಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. "ಒಂದು ಹೇಳಿ ಮೇಡಂ. ಇಂಥ ಸುದ್ದಿ ಹಾಕಿದ್ರೆ ಜನ ಗಾಬರಿಯಾಗ್ತಾರೆ ಅಂತ ನಿಮಗೆ ಅನ್ನಿಸಲಿಲ್ವಾ?"

"ಜನ ಮೊದಲೇ ಗಾಬರಿಯಾಗಿದ್ರು. ನೀರಿಗೆ ಯಾರೋ ವಿಷ ಬೆರೆಸಿದ್ದಾರೆ ಅಂತ ಫೋನಿಂದ ಫೋನಿಗೆ ಹರಿದಾಡಿ, ಆ ಟ್ಯಾಂಕರ್ ಡ್ರೈವರ್‌ನ ಹಿಡಿದು ಹೊಡೆದ್ರಲ್ಲ, ಆ ವಾರ ನಮ್ಮ ಪತ್ರಿಕೆಯಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಕೋ ಹಾಗಿರಲಿಲ್ಲ. ಭಾನುವಾರ ಹಾಕಿದ್ವಿ. ಸೋಮವಾರದಿಂದ ಯಾರೂ ಯಾರನ್ನೂ ಹೊಡೆದಿಲ್ಲ. ನೀರು ಕುದಿಸ್ತಾ ಕೂತಿದ್ದಾರೆ."

ಸಂಪಾದಕರು ಮೇಜಿನಿಂದ ಒಂದು ಕಾರ್ಡ್ ಎತ್ತಿ ಸುಮ್ಮನೆ ಮುಂದಿಟ್ಟರು. ಮಕ್ಕಳ ವಾರ್ಡಿನಿಂದ ಬಂದದ್ದು. ಬರೆಯುವ ರೂಢಿ ತಪ್ಪಿದ ಕೈಯಲ್ಲಿ ನಾಲ್ಕು ಸಾಲು: ನೀವು ಹೇಳಿದ ಹಾಗೆ ಕುದಿಸಿ ಕೊಟ್ಟೆ. ಮಗಳಿಗೆ ನಿನ್ನೆಯಿಂದ ಭೇದಿ ನಿಂತಿದೆ. ಯಾರಿಗೆ ನಮಸ್ಕಾರ ಹೇಳಬೇಕೋ ಗೊತ್ತಿಲ್ಲ, ಪತ್ರಿಕೆಯವರಿಗೆಲ್ಲ ಹೇಳಿ.

ತನಿಖಾಧಿಕಾರಿ ಅದನ್ನು ಎರಡು ಸಲ ಓದಿದರು. ಕಾರ್ಡನ್ನು ಇದ್ದ ಜಾಗದಲ್ಲೇ ಇಟ್ಟರು. ಮುದ್ರೆಯ ಹಾಳೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಇವತ್ತು ಬೀಗ ಹಾಕಲ್ಲ. ಈಗ ಸೀದಾ ಕಚೇರಿಗೆ ಹೋಗಿ ಮುದ್ರೆ ರಿಜಿಸ್ಟರ್ ತೆಗೆಸ್ತೀನಿ. ಶನಿವಾರದ ಪುಟದಲ್ಲಿ ಇದರ ನಮೂದು ಇದ್ರೆ ಸರಿ. ಇಲ್ಲದಿದ್ರೆ ನಿಮ್ಮ ಭಾವನಿಂದ ಶುರು ಮಾಡ್ತೀನಿ."

*

ಅವರು ಮೆಟ್ಟಿಲಿಳಿದ ಮೇಲೆ ಕಚೇರಿಯಲ್ಲಿ ನಡೆದದ್ದನ್ನು ನೋಡಿದರೆ ಯಾರಿಗಾದರೂ ನಗು ಬರುತ್ತಿತ್ತು.

ಫೋರ್‌ಮನ್ ತಾತ ಸಂಪಾದಕರ ಎರಡೂ ಕೈ ಹಿಡಿದುಕೊಂಡ. "ನನ್ನ ಮುಪ್ಪು ಉಳಿಸಿದ್ರಿ. ಹೇಗೆ ಮಾಡಿಸಿದ್ರಿ ಅಂತ ಕೇಳಲ್ಲ."

"ನಾನಾ? ನೀವು ಮಾಡಿದ್ದು ಅಂತ ನಾನು ಅಂದ್ಕೊಂಡೆ."

ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು.

"ನನ್ನ ಮುಖ ನೋಡಬೇಡಿ," ಅಂದಳು. "ನನಗೆ ಗೊತ್ತಿಲ್ಲ."

ಆ ಗಳಿಗೆಗೆ ಅದು ನಿಜವೇ. ಊಹೆಗೂ ಗೊತ್ತಿರುವುದಕ್ಕೂ ಇರುವ ಅಂತರವನ್ನು ಪ್ರತಿ ಭಾನುವಾರ ಗ್ರಂಥಾಲಯದಲ್ಲಿ ಮಕ್ಕಳಿಗೂ ಮುದುಕರಿಗೂ ಹೇಳಿಕೊಡುತ್ತಿದ್ದವಳು ಅವಳೇ. ಪತ್ರಿಕೆ ಓದುವುದು ಹೇಗೆ ಎಂದು ಒಂದು ಗಂಟೆಯ ಪಾಠ. ಫೋನಿಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆ: ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಯಾರಿಗಾಗಿ ಹೇಳುತ್ತಿದ್ದಾರೆ.

ಸಂಪಾದಕರು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಯಾರು ಮಾಡಿದ್ರು ಅಂತ ಪತ್ತೆ ಮಾಡಿ. ಯಾರ ಋಣದಲ್ಲಿದ್ದೀನಿ ಅಂತ ಗೊತ್ತಿಲ್ಲದೆ ನನಗೆ ನಿದ್ದೆ ಬರಲ್ಲ."

"ಪತ್ತೆಯಾದ್ರೆ ಏನು ಮಾಡ್ತೀರಿ?"

"ಮೊದಲು ಅವರಿಗೆ ಕೈ ಮುಗೀತೀನಿ. ಆಮೇಲೆ, ಆ ಮುದ್ರೆ ಖೋಟಾ ಅಂತಾದ್ರೆ, ಮೊದಲನೇ ಪುಟದಲ್ಲಿ ನಾನೇ ಹಾಕ್ತೀನಿ. ನಿಜ ಬರೆಯೋ ಪತ್ರಿಕೆ ಸುಳ್ಳು ಮುದ್ರೆ ಮೇಲೆ ನಿಲ್ಲೋಕಾಗಲ್ಲ."

"ಪತ್ತೆಯಾಗದಿದ್ರೆ?"

ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಗೊತ್ತಿಲ್ಲದ್ದನ್ನ ಹಾಕೋ ಅಭ್ಯಾಸ ಈ ಪತ್ರಿಕೆಗಿಲ್ಲ." ನಂತರ ಮೇಜಿನ ಖಾನೆ ಎಳೆದು ಒಂದು ಕಟ್ಟು ತೋರಿಸಿದರು. ನೀರಿನ ವರದಿಯ ಎರಡನೇ ಭಾಗ. ಕೊಳವೆ ಒಡೆದದ್ದು ಯಾರಿಗೆ, ಎಂದಿನಿಂದ ಗೊತ್ತಿತ್ತು ಎಂಬುದೆಲ್ಲ ಅದರಲ್ಲಿತ್ತು. ಎರಡು ಸಲ ಪರಿಶೀಲನಾ ಕಚೇರಿಗೆ ಹೋಗಿ ಎರಡು ಸಲವೂ ಕೆಂಪು ಗೀಟು ಎಳೆಸಿಕೊಂಡು ವಾಪಸಾಗಿತ್ತು. "ಇದಕ್ಕೆ ಮುದ್ರೆ ಹಾಕಿಸೋ ಪುಣ್ಯಾತ್ಮ ಇದ್ರೆ ಅವರನ್ನೂ ಹುಡುಕಿ."

ಅವಳು ಅಚ್ಚಿನ ಮನೆಗೆ ಹೋದಳು. ಫೋರ್‌ಮನ್ ತಾತ ಎಡಗಡೆಯ ಮೊಳೆಯನ್ನು ಇಕ್ಕಳದಿಂದ ಕೀಳುತ್ತಿದ್ದ.

"ತಾತ, ಇವತ್ತು ಬೀರು ಹತ್ತಿರ ಯಾರಾದ್ರೂ ಬಂದಿದ್ರಾ?"

"ನಿಮ್ಮಕ್ಕ ಬಿಟ್ರೆ ಹೊರಗಿನೋರು ಯಾರೂ ಬಂದಿಲ್ಲ ತಾಯಿ. ನೀವೆಲ್ಲ ಒಳಗೆ ಸಭೆಯಲ್ಲಿದ್ರಿ. ನಿಮ್ಮ ಕನ್ನಡಕ ಕೊಡೋಕೆ ಬಂದಿದ್ರು."

ಹೌದು, ಕನ್ನಡಕ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮರೆಯದ ಕನ್ನಡಕ ಬೆಳಿಗ್ಗೆ ಚೀಲದಲ್ಲಿರಲಿಲ್ಲ. ಹಾಕಿದ್ದು ಚೆನ್ನಾಗಿ ನೆನಪಿತ್ತು. ವಯಸ್ಸಾಯಿತು ಎಂದು ತನ್ನನ್ನೇ ಬೈದುಕೊಂಡು ಹಳೆಯ ಜೋಡಿಯಲ್ಲೇ ಕೆಲಸ ಶುರುಮಾಡಿದ್ದಳು.

"ಇಲ್ಲೇ ಬೀರು ಪಕ್ಕ ಕೂತಿದ್ರು. ಬಾಯಾರಿಕೆ ಅಂದ್ರು, ನೀರು ತರೋಕೆ ಹೋದೆ. ತಂದುಕೊಟ್ರೆ, ಕುದಿಸಿದ್ದಾ ಅಂತ ಕೇಳಿದ್ರು. ಹೌದಮ್ಮ ಅಂದ್ಮೇಲೆ ಕುಡಿದ್ರು. ಯಾಕೆ?"

"ಏನಿಲ್ಲ."

ಪತ್ರಿಕೆ ಇರುವುದು ಶೆಲ್ಫಿಗೆ ಹಾಸುವುದಕ್ಕೆ ಎನ್ನುವ ಅಕ್ಕ. ಆದೇಶ ಬಂದ ದಿನದಿಂದ ಮನೆಯಲ್ಲಿ ಹವಾಮಾನ ಬಿಟ್ಟು ಮಾತೇ ಇಲ್ಲ. ಹಾಗಾದರೆ ನೀರು ಕುದಿಸಬೇಕೆಂದು ಅಕ್ಕನಿಗೆ ಹೇಳಿದವರು ಯಾರು?

ಮೂರು ಪ್ರಶ್ನೆಯಲ್ಲಿ ಮೊದಲಿನ ಎರಡಕ್ಕೆ ಬಸ್ಸಿನಲ್ಲೇ ಉತ್ತರ ಸಿಕ್ಕಿತು. ಕೆಲಸ ಮುಗಿದ ಕರಡುಗಳನ್ನು ಅವಳು ಮನೆಗೆ ಒಯ್ಯುತ್ತಿದ್ದಳು. ಅವು ಶೆಲ್ಫಿಗೆ ಹೋಗುತ್ತಿದ್ದವು. ಮುದ್ರೆಯನ್ನು ಕಚೇರಿಯಲ್ಲಿ ಬಿಡುವ ಹಾಗಿಲ್ಲವೆಂದು ಭಾವ ಅದನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ದಿನಾ ಮನೆಗೆ ತರುತ್ತಿದ್ದರು. ಪೆಟ್ಟಿಗೆ ಮಂಚದ ಕೆಳಗೆ, ಕೀಲಿ ಅಂಗಿಯ ಜೇಬಿನಲ್ಲಿ.

ಮೂರನೆಯ ಪ್ರಶ್ನೆ ಮಾತ್ರ ಅವಳ ಜೊತೆಗೇ ಬಸ್ಸಿಳಿಯಿತು. ಯಾರಿಗಾಗಿ?

*

ಅಕ್ಕ ಒಲೆಯ ಮುಂದೆ ನಿಂತಿದ್ದಳು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಕಿಟಕಿಯ ಗಾಜಿಗೆ ಆವಿ ಕಟ್ಟಿತ್ತು.

ಅವಳು ಚೀಲ ಇಳಿಸಿ, ಊಟದ ಮೇಜಿನ ಬಟ್ಟೆಯನ್ನು ಸರಿಸಿ, ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಉಗುರು ಎಳೆದಳು. ಕೂದಲೆಳೆಯಷ್ಟು ಸಂದಿ. ಅದರ ಪಕ್ಕದಲ್ಲಿ ಎಷ್ಟು ಉಜ್ಜಿದರೂ ಹೋಗದ ಒಂದು ನೇರಳೆ ಚುಕ್ಕೆ.

"ಶೆಲ್ಫಿನ ಕಾಗದ ಬದಲಾಯಿಸಿದ್ಯಾ ಅಕ್ಕಾ?"

"ಹಳೇದಾಗಿತ್ತು."

"ಶನಿವಾರ ಹಾಸಿದ್ದು."

"ಸಕ್ಕರೆ ಚೆಲ್ಲಿ ಅಂಟಾಗಿತ್ತು ಕಣೇ. ಏನು, ಅಲ್ಲಿ ತಪ್ಪು ಹುಡುಕಿ ಮುಗೀತು ಅಂತ ಇಲ್ಲಿ ಶುರುಮಾಡಿದ್ಯಾ?"

"ಸಕ್ಕರೆ ಡಬ್ಬಿ ಗುರುತು ಹಾಳೆ ಮೇಲೆ ಹಾಗೇ ಇತ್ತು. ತನಿಖಾಧಿಕಾರಿ ಬೆರಳಿಟ್ಟು ಕೇಳಿದ್ರು, ಏನಿದು ಅಂತ."

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ತಿರುಗಿ ನೋಡಲಿಲ್ಲ. "ನೀನು ಏನಂದೆ?"

"ಡಬ್ಬಿ ಇಟ್ಟ ಗುರುತು ಅಂದೆ."

"ಅಯ್ಯೋ ನಿನ್ನ. ಅಲ್ಲೂ ನಿಜಾನೇ ಹೇಳಬೇಕಾ?"

ಇಬ್ಬರಿಗೂ ಒಮ್ಮೆಲೇ ನಗು ಬಂತು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆವಿಗೆ ಕಣ್ಣುರಿ ಅಂದಳು.

"ಡಬ್ಬಿ ಎತ್ತಿದಾಗಲೆಲ್ಲ ಓದ್ತೀನಿ ನಾನು," ಅಕ್ಕ ಸೌಟಿನೊಂದಿಗೆ ಮಾತಾಡುವ ಹಾಗೆ ಹೇಳಿದಳು. "ಯಾವಾಗಿನಿಂದಲೂ. ನೀನು ಅಂಚಿನಲ್ಲಿ ಬರೀತೀಯಲ್ಲ, ಇದಕ್ಕೆ ಆಧಾರ ಏನು, ಇವರು ಯಾರು, ಇಸವಿ ಸರಿಯಾ ಅಂತ. ಸುದ್ದಿಗಿಂತ ಅದೇ ಚೆನ್ನಾಗಿರುತ್ತೆ. ಶನಿವಾರ ರಾತ್ರಿ ಕಾಫಿಗೆ ಸಕ್ಕರೆ ತೆಗೆಯೋವಾಗ ಕಂಡಿತು, ನೀರು ಕುದಿಸಿ ಕುಡಿಯಿರಿ ಅಂತ. ಮೇಲಿನ ಮನೆ ಕೂಸಿಗೆ ದಿನಾ ನಾನೇ ಹಾಲಿನ ಪುಡಿ ಕದಡಿ ಕೊಡ್ತಿದ್ದೆ, ಅವರಮ್ಮ ಕೆಲಸಕ್ಕೆ ಹೋದ ಮೇಲೆ. ನಲ್ಲಿ ನೀರಲ್ಲೇ. ಹದಿನೈದು ದಿನದಿಂದ ಅದಕ್ಕೆ ಭೇದಿ. ಹಲ್ಲು ಬರ್ತಿದೆ ಅಂತ ನಾನೇ ಸಮಾಧಾನ ಹೇಳ್ತಿದ್ದೆ."

"ಈಗ ಹೇಗಿದೆ?"

"ನಿನ್ನೆ ನಕ್ಕಿತು. ನನ್ನ ಮೂಗು ಹಿಡ್ಕೊಂಡು."

ಅಕ್ಕ ಒಲೆಯ ಉರಿ ತಗ್ಗಿಸಿದಳು.

"ಊರಿಗಿಂತ ಒಂದು ರಾತ್ರಿ ಮುಂಚೆ ನನಗೆ ಗೊತ್ತಾಯ್ತು, ನಿನ್ನಿಂದ. ಆ ಪುಟಕ್ಕೆ ಮುದ್ರೆನೇ ಬಿದ್ದಿರಲಿಲ್ಲ ಅಂತ ಊರೆಲ್ಲ ಆಡ್ಕೊಳ್ತಿತ್ತು. ಅದಕ್ಕೋಸ್ಕರ ನಿನ್ನ ಕೆಲಸ ಹೋಗುತ್ತೆ, ತಾತ ಜೈಲಿಗೆ ಹೋಗ್ತಾನೆ ಅಂದ್ರೆ ನಾನು ಹೊದ್ಕೊಂಡು ಮಲಗಲಾ? ಜೇಬಿನಿಂದ ಕೀಲಿ ತಗೊಂಡು, ಮುದ್ರೆಯಲ್ಲಿರೋ ತಾರೀಖಿನ ಚಕ್ರ ಶನಿವಾರಕ್ಕೆ ತಿರುಗಿಸಿದೆ. ಮೊದಲು ಒಂದು ಚೂರು ಕಾಗದದ ಮೇಲೆ ಒತ್ತಿ ನೋಡಿದೆ. ಆಮೇಲೆ ಹಾಳೆ ಮೇಲೆ ಒತ್ತಿದೆ. ಆ ಚೂರು ನೀರಲ್ಲಿ ಕಿವುಚಿ ಬಿಸಾಕಿದೆ."

"ನನ್ನ ಕನ್ನಡಕ ಕದ್ದೆ."

"ಎರವಲು ತಗೊಂಡೆ. ತಂದುಕೊಟ್ಟೆನಲ್ಲ."

"ಭಾವಂಗೆ ಗೊತ್ತಾ?"

"ಗೊತ್ತಾದ್ರೆ ಆ ಮನುಷ್ಯ ಇನ್ನೂ ನಿಂತಿರ್ತಿದ್ರಾ? ಒಂದು ತಪ್ಪು ಮಾಡಿದೆ ಕಣೇ. ಚಕ್ರವನ್ನ ವಾಪಸ್ ಇವತ್ತಿನ ತಾರೀಖಿಗೆ ತಿರುಗಿಸೋದು ಮರೆತೆ. ಬೆಳಿಗ್ಗೆ ನೆನಪಾಗಿ ಎದೆ ಧಸಕ್ ಅಂತು. ಅವರು ಪೆಟ್ಟಿಗೆ ತೆಗೆದ್ರು, ನಾನು ಬಾಗಿಲ ಸಂದಿಯಲ್ಲಿ ನೋಡ್ತಿದ್ದೀನಿ, ಸರಿಯಾಗೇ ಇತ್ತು. ನಾನೇ ತಿರುಗಿಸಿ ಮರೆತಿದ್ದೆ ಅಂತ ಕಾಣುತ್ತೆ. ವಯಸ್ಸಾಯ್ತು."

ಅವಳಿಗೆ ಹೇಳಬೇಕಾದದ್ದು ಬಹಳವಿತ್ತು. ಪರರ ವಾಕ್ಯ ತಿದ್ದಿ ಬದುಕಿದವಳಿಗೆ ಸ್ವಂತದ್ದೊಂದು ವಾಕ್ಯ ಕೂಡಿಬರಲಿಲ್ಲ. ಆ ಮನೆಯಲ್ಲಿ ಯಾರೂ ಯಾರಿಗೂ ಉಪಕಾರವಾಯಿತು ಎಂದು ಹೇಳಿದ್ದಿಲ್ಲ. ಅವಳು ಅಕ್ಕನ ಕೈಯಿಂದ ಸೌಟು ತೆಗೆದುಕೊಂಡಳು.

"ಕೂತ್ಕೋ. ಇವತ್ತು ನಾನು ಮಾಡ್ತೀನಿ."

"ನೀನಾ? ಹಾಗಾದ್ರೆ ನಾನು ಅಲ್ಲಿ ಜೈಲಲ್ಲೇ ಊಟ ಮಾಡ್ತೀನಿ, ಬಿಡು," ಅಂದಳು ಅಕ್ಕ. ಆದರೆ ಕೂತಳು. ಅಕ್ಕ ಮದುವೆಯಾಗಿ ಬಂದ ಮೇಲೆ ಆ ಅಡುಗೆಮನೆಯಲ್ಲಿ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಭಾವ ಬಂದಾಗ ಏಳು ದಾಟಿತ್ತು. ಚಪ್ಪಲಿ ಬಿಟ್ಟು, ತಗಡಿನ ಪೆ‍ಟ್ಟಿಗೆಯನ್ನು ಒಳಗಿಟ್ಟು ಬಂದು, ಮೇಜಿನ ಮುಂದೆ ಕೂತರು. ಅಕ್ಕ ತಂಗಿಯರಿಬ್ಬರೂ ಅವರ ಮುಖ ನೋಡದಿರಲು ಬಹಳ ಕಷ್ಟಪಡುತ್ತಿದ್ದರು.

"ಇವತ್ತು ಒಂದು ಎಡವಟ್ಟಾಯ್ತು," ಅಂದರು ಭಾವ. "ಮೇಜಿನ ಮೇಲೆ ರಿಜಿಸ್ಟರ್ ತೆಗೆದಿಟ್ಟಿದ್ದೆ. ಚಹಾ ಚೆಲ್ಲಿಬಿಡ್ತು. ಶನಿವಾರದ ಪುಟ ಪೂರ್ತಿ ಹೋಯ್ತು, ಒಂದಕ್ಷರ ಕಾಣಲ್ಲ. ಆಮೇಲೆ ಯಾರೋ ಅಧಿಕಾರಿ ಬಂದು ನೋಡಿ ಬೈದು ಹೋದ್ರು."

"ನಿಮ್ಮ ಕೈಯಿಂದ ಚಹಾ ಚೆಲ್ಲಿದ್ದು ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ," ಅಂದಳು ಅಕ್ಕ ನಿಧಾನವಾಗಿ.

"ಕೈಗೂ ವಯಸ್ಸಾಗುತ್ತಲ್ಲ." ಭಾವ ತಟ್ಟೆ ಎಳೆದುಕೊಂಡರು. ಒಂದು ತುತ್ತು ಬಾಯಿಗಿಟ್ಟು, ಉಪ್ಪು ಹೆಚ್ಚಾದದ್ದು ತಿಳಿದರೂ ಏನೂ ಹೇಳದೆ ನುಂಗಿದರು. ಮನೆಯ ನಿಯಮದ ಪ್ರಕಾರ ಹವಾಮಾನಕ್ಕೆ ಬಂದರು. "ಮೋಡ ಎರಡು ದಿನ ಹೀಗೇ ಇರುತ್ತೆ. ಶನಿವಾರದ ಹೊತ್ತಿಗೆ ತಿಳಿಯಾಗುತ್ತೆ ಅಂತ ನನಗೆ ಅನ್ನಿಸುತ್ತೆ."

*

ಭಾನುವಾರದ ಪಾಠಕ್ಕೆಂದು ತೆಗೆದು ನಿನ್ನೆಯಿಂದ ಊಟದ ಮೇಜಿನ ಪಕ್ಕದಲ್ಲೇ ಇಟ್ಟಿದ್ದ ಖಾಲಿ ಹಾಳೆಗಳ ಕಟ್ಟನ್ನು ಕೋಣೆಗೆ ತಂದು ಬಿಚ್ಚಿದಳು. ಕಚೇರಿಯ ಕರಡು ಕಾಗದವೇ, ಪುಟದಷ್ಟು ದೊಡ್ಡದು. ಈ ವಾರ ಮಕ್ಕಳು ಅದರ ಮೇಲೆ ತಮ್ಮ ಬೀದಿಯದೇ ಪತ್ರಿಕೆ ಬರೆಯಬೇಕಿತ್ತು. ಮೂವತ್ತು ಹಾಳೆ. ಅಭ್ಯಾಸಬಲ, ಎಣಿಸಿದಳು.

ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಒಂದು ಚೂರು ಕಾಗದ, ಒಂದು ಪುಟ. ಅಕ್ಕ ಒತ್ತಿದ್ದು ಎರಡೇ ಸಲ.

ಅವಳು ಕೇಳಿದ್ದು ಮೂರು.

ಮೂರನೆಯದು ಬಿದ್ದಾಗ ಮನೆ ಪೂರ್ತಿ ನಿಶ್ಶಬ್ದವಾಗಿತ್ತು. ಪೂರ್ತಿ ಎಂದರೆ ಗೊರಕೆಯೂ ಇರಲಿಲ್ಲ.

ಹತ್ತೊಂಬತ್ತನೆಯ ಹಾಳೆಯಲ್ಲಿ ಬೆರಳು ನಿಂತಿತು.

ಎರಡೂ ಮಗ್ಗುಲು ಖಾಲಿ, ಒಂದಕ್ಷರವಿಲ್ಲ. ಬಲಗಡೆ ಕೆಳಗಿನ ಮೂಲೆಯಲ್ಲಿ ಮಾತ್ರ ನೇರಳೆ ಮಸಿಯ ದುಂಡು ಮುದ್ರೆ, ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ತಾರೀಖು ಬರುವ ಶನಿವಾರದ್ದು.

ಅದರ ಮೇಲೆ ಏನು ಅಚ್ಚಾದರೂ ಒಪ್ಪಿಗೆ ಸಿಕ್ಕ ಹಾಗೆಯೇ. ಸಂಪಾದಕರ ಖಾನೆಯಲ್ಲಿ ಎರಡು ಸಲ ಕೆಂಪು ಗೀಟು ಎಳೆಸಿಕೊಂಡು ಬಿದ್ದಿರುವ ಕಟ್ಟು ಅಚ್ಚಾದರೂ. ಮತ್ತು ಅಂದೇ ತನಿಖಾಧಿಕಾರಿಯ ಚೀಲದಲ್ಲಿರುವ ಹಾಳೆಯ ಗೆರೆಗೂ ಇದರ ಗೆರೆಗೂ ತಾಳೆಯಾಗುತ್ತದೆ. ಅಲ್ಲಿಂದ ಈ ಮನೆಯ ಊಟದ ಮೇಜಿಗೆ ಬರಲು ಅವರಿಗೆ ಅರ್ಧ ಗಂಟೆ ಸಾಕು.

ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಒಂದೇ ರಾತ್ರಿ, ಒಂದೇ ಮೇಜಿನ ಮೇಲೆ, ಒಬ್ಬರಿಗೊಬ್ಬರು ತಿಳಿಯದ ಹಾಗೆ ಇಬ್ಬರು ಎದ್ದು ಬಂದಿದ್ದರು. ಇಷ್ಟೊಂದನ್ನು ತನಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ. ಕೊಟ್ಟವರನ್ನು ಉಳಿಸಿಕೊಳ್ಳಬೇಕಾದರೆ, ಸಿಕ್ಕಿತೆಂದು ಬಾಯಿ ಬಿಡುವ ಹಾಗೂ ಇರಲಿಲ್ಲ.

ಅಕ್ಕನಿಗೆ ಹೇಳಿದರೆ ಇವತ್ತಿನಿಂದ ಅವಳಿಗೆ ನಿದ್ದೆಯಿಲ್ಲ. ಸಂಪಾದಕರಿಗೆ ಹೇಳಿದರೆ ಮೊದಲ ಪುಟದಲ್ಲಿ ಬರುತ್ತದೆ. ತನಗೆ ಗೊತ್ತಾಗಿದೆ ಎಂದು ಭಾವನಿಗೆ ಹೇಳಿದರೆ, ಹವಾಮಾನ ಮಾತಾಡುವ ಆ ಮನುಷ್ಯ ಮತ್ತೆಂದೂ ಅವಳ ಮುಖ ನೋಡಿ ಮಾತಾಡಲಾರರು. ಯಾರಿಗೂ ಹೇಳುವುದಿಲ್ಲ. ಶನಿವಾರದ ತನಕವೂ ಇಲ್ಲ, ಶನಿವಾರ ಏನೇ ಮಾಡಿದರೂ ಆಮೇಲೂ ಇಲ್ಲ.

ದೀಪ ಆರಿಸಿದಳು. ಪಕ್ಕದ ಕೋಣೆಯಲ್ಲಿ ಗೂಡ್ಸ್ ರೈಲು ಹೊರಟಿತ್ತು. ಕತ್ತಲಲ್ಲೇ ಮೇಜಿನ ಖಾನೆಯನ್ನು ಸದ್ದಾಗದಂತೆ ಎಳೆದಳು.

ಮರ ಸ್ವಲ್ಪ ಕಿರುಗುಟ್ಟಿತು.

ಗೊರಕೆ ನಿಂತಿತು.

ಹಾಳೆಯನ್ನು ಒಳಗಿಟ್ಟು, ಖಾನೆ ಮುಚ್ಚಿ, ಕೀಲಿ ತಿರುಗಿಸಿದಳು. ಗೋಡೆಯಾಚೆ ಯಾರೋ ಉಸಿರು ಬಿಟ್ಟ ಸದ್ದು ಕೇಳಿಸಿತು. ನಂತರ ಗೊರಕೆ, ನಿಂತಿದ್ದ ಕಡೆಯಿಂದಲೇ, ಮತ್ತೆ ದಿಬ್ಬ ಹತ್ತಲು ಶುರುಮಾಡಿತು.